ಜಪಾನೀ ಅಡುಗೆಮನೆಯ ಅನುಕರಣ ಶಬ್ದಗಳು

ಗಡಿನಾಡಾದ ಕಾಸರಗೋಡಿನ ಈ ಶಾಲೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕನ್ನಡ ವ್ಯಾಕರಣವನ್ನು ಬೋಧಿಸಿದವನು ನಾನು. ಅವ್ಯಯ ಪ್ರಕರಣದಲ್ಲಿ ಅನುಕರಣಾವ್ಯಯಕ್ಕೆ ನಮ್ಮ ಪಾಠಪುಸ್ತಕಗಳು ಕೊಡುವ ಸ್ಥಳ ಬಹಳ ಸಣ್ಣದು. ‘ಧಗಧಗ’, ‘ಸುಯ್ಯನೆ’ ಎಂದು ನಾಲ್ಕು ಉದಾಹರಣೆಗಳನ್ನು ಕೊಟ್ಟು ಮುಂದಕ್ಕೆ ಹೋಗುವುದೇ ರೂಢಿ. ಆದರೆ ಈ ಪದವರ್ಗವನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಭಾಷೆಯೊಂದಿದೆ. ಅದು ಜಪಾನೀ ಭಾಷೆ. ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆವಿದ್ಯಾರ್ಥಿಯೊಬ್ಬರು ಊರಿಗೆ ಬಂದಾಗಲೆಲ್ಲ ಆ ನಾಡಿನ ಊಟದ ಮಾತುಗಳನ್ನು ನನಗೆ ಕೇಳಿಸುತ್ತ ಬಂದಿದ್ದಾರೆ. ಸ್ಮರಣ ಸಂಚಿಕೆಯ ಸಂಪಾದಕರು ಲೇಖನವನ್ನು ಅಪೇಕ್ಷಿಸಿದಾಗ ಇದಕ್ಕಿಂತ ರುಚಿಯಾದ ವಿಷಯ ನನಗೆ ಹೊಳೆಯಲಿಲ್ಲ.

ಆಹಾರವು ಬಾಯಿಗೂ ಹಲ್ಲಿಗೂ ನಾಲಗೆಗೂ ಹೇಗೆ ತಾಗುತ್ತದೆ ಎಂಬುದನ್ನು ತಿಳಿಸುವ ಜಪಾನೀ ಪದಗಳನ್ನು ಹಯಕಾವಾ ಫುಮಿಯೊ ಮತ್ತು ಅವರ ಸಹಸಂಶೋಧಕರು 2013ರಲ್ಲಿ ವರ್ಗೀಕರಿಸಿ ಪ್ರಕಟಿಸಿದರು. ಅವುಗಳ ಸಂಖ್ಯೆ 445! ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅನುಕರಣ ಶಬ್ದಗಳೇ. ತೆಂಪುರಾ ಎಂಬ ಕರಿದ ತಿಂಡಿಯ ಹೊದಿಕೆ ಹಲ್ಲಿಗೆ ತಾಗಿದೊಡನೆ ಹಗುರವಾಗಿ ಪುಡಿಯಾದರೆ ‘ಸಕುಸಕು’. ಗಟ್ಟಿಯಾಗಿ ಕುರುಕಲು ಬಂದರೆ ‘ಕರಿಕರಿ’. (ನಮ್ಮವರು ಕೇಳಿದರೆ ಸೀದುಹೋಯಿತೆಂದೇ ಭಾವಿಸಿಯಾರು!) ಸುಟ್ಟ ಕಡಲಪಾಚಿಯ ಹಾಳೆಯಂತೆ ತೆಳ್ಳಗಿದ್ದು ಮುರಿದರೆ ‘ಪರಿಪರಿ’, ನಮ್ಮ ಹಲಸಿನ ಹಪ್ಪಳಕ್ಕೆ ಇದೇ ತಕ್ಕ ಮಾತು. ಎಳೆಯ ತರಕಾರಿಯ ಹಸಿ ಗರಿಮೆ ‘ಶಕಿಶಕಿ’. ಬಿಸಿಯಾದ ಗೆಣಸು ಬಾಯಲ್ಲಿ ಹಿಟ್ಟುಹಿಟ್ಟಾಗಿ ಕರಗುವುದು ‘ಹೊಕುಹೊಕು’. ಈ ಕೊನೆಯ ಪದದೊಳಗೆ ಬಿಸಿಯೂ ಇದೆ, ಹಿಟ್ಟಿನ ಗುಣವೂ ಇದೆ, ತಿನ್ನುವವನ ತೃಪ್ತಿಯೂ ಇದೆ. ಬೆಂಡೆಯ ಲೋಳೆಗೂ, ನಾಟೊ ಎಂಬ ಹುದುಗಿಸಿದ ಸೋಯಾ ಕಾಳಿನ ನೂಲುನೂಲಾದ ಅಂಟಿಗೂ ‘ನೆಬನೆಬ’ ಎನ್ನುತ್ತಾರೆ. ನಾವು ಲೋಳೆ ಹೋಗಲೆಂದು ಬೆಂಡೆಯನ್ನು ಹುರಿಯುತ್ತೇವೆ. ಅವರು ಅದನ್ನೇ ಮೆಚ್ಚಿ ಉಣ್ಣುತ್ತಾರೆ.

ಈ ಪದಗಳ ರಚನೆಯಲ್ಲಿ ಒಂದು ವ್ಯವಸ್ಥೆಯುಂಟು. ನಮ್ಮ ವರ್ಣಮಾಲೆಯ ಪರಿಭಾಷೆಯಲ್ಲಿ ಹೇಳುವುದಾದರೆ, ವರ್ಗದ ಮೊದಲನೆಯ ಅಕ್ಷರ ಹಗುರ, ಮೂರನೆಯದು ಭಾರ. ‘ತೊರೊತೊರೊ’ ಎಂದರೆ ಹಿತವಾಗಿ ಕರಗಿ ಮಂದವಾದದ್ದು. ‘ದೊರೊದೊರೊ’ ಎಂದರೆ ಕೆಸರಿನಂತೆ ದಟ್ಟವಾದದ್ದು. ‘ಪರಿಪರಿ’ಗಿಂತ ಗಡುಸಾದದ್ದು ‘ಬರಿಬರಿ’. ಹಾಗೆಯೇ ‘ಕರಿಕರಿ’ಗಿಂತ ಒರಟಾದದ್ದು ಯಾವುದು ಬಲ್ಲಿರಾ? ‘ಗರಿಗರಿ’! ಮಂಜುಗಡ್ಡೆಯನ್ನು ಹಲ್ಲಿನಿಂದ ಕಡಿಯುವ ಸದ್ದು ಅದು. 1981ರಿಂದ ಅಲ್ಲಿ ಮಾರಾಟವಾಗುತ್ತಿರುವ ಐಸ್ ಕಡ್ಡಿಯೊಂದರ ಹೆಸರೇ ‘ಗರಿಗರಿ ಕುನ್’. ನಮ್ಮ ಗರಿಗರಿ ದೋಸೆಯನ್ನು ಜಪಾನೀಯರು ಗರಿಗರಿ ಎನ್ನಲಾರರು. ಇನ್ನು ಪದವನ್ನು ಇಮ್ಮಡಿಸಿದರೆ ಕ್ರಿಯೆ ಮತ್ತೆ ಮತ್ತೆ ನಡೆಯಿತೆಂದು ಅರ್ಥ. ‘ಸಕುತ್ತೊ’ ಎಂದು ಒಮ್ಮೆ ನುಡಿದರೆ ಒಂದೇ ಕಡಿತ.

ವ್ಯಾಕರಣದಲ್ಲಿಯೂ ನಮಗೆ ಪರಿಚಿತವಾದ ಚಹರೆಯೊಂದಿದೆ. ‘ಎನ್’ ಧಾತುವಿನಿಂದ ಬಂದ ‘ಎನೆ’ ಎಂಬುದು ಸವೆದು ‘ನೆ’ ಆಗಿ ‘ಧಗಧಗನೆ’ ಎಂಬಲ್ಲಿ ಸೇರುತ್ತದೆ. ಜಪಾನಿಯಲ್ಲಿಯೂ ‘ಎಂದು’ ಎಂಬರ್ಥದ ‘ತೊ’ ಎಂಬ ಅವ್ಯಯವೇ ಅನುಕರಣ ಶಬ್ದಗಳಿಗೆ ಹತ್ತುತ್ತದೆ. ಇಷ್ಟರಿಂದಲೇ ಎರಡೂ ಒಂದೇ ಕುಲದವು ಎನ್ನಲಾಗದು. ತಮಿಳಿಗೂ ಜಪಾನಿಗೂ ನಂಟನ್ನು ಸಾಧಿಸಹೊರಟ ವಿದ್ವಾಂಸ ಓನೊ ಸುಸುಮು (1919–2008) ಅವರ ವಾದವನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಿಲ್ಲ. ಒಪ್ಪದಿರುವುದೇ ಸರಿಯೆಂದು ನನ್ನ ಎಣಿಕೆ. ಹೋಲಿಕೆ ಬೇರೆ, ರಕ್ತಸಂಬಂಧ ಬೇರೆ.

ಅನ್ನದ ವಿಷಯದಲ್ಲಂತೂ ಈ ಪದಗಳು ತೀರ್ಪನ್ನೇ ಕೊಟ್ಟುಬಿಡುತ್ತವೆ. ಚೆನ್ನಾಗಿ ಅರಳಿದ ಅನ್ನ ‘ಫುಕ್ಕುರಾ’, ಹೊಳಪುಳ್ಳದ್ದು ‘ತ್ಸುಯತ್ಸುಯ’, ನೀರು ಹೆಚ್ಚಾಗಿ ಮುದ್ದೆಗಟ್ಟಿದ್ದು ‘ಬೆಚಬೆಚ’. ತೇವವಿಲ್ಲದೆ ಒಣಒಣವಾಗಿ ಉದುರುವುದು ‘ಪಸಪಸ’. ಇದು ನಿಂದೆಯ ಮಾತು. 1993ರ ಬೇಸಗೆ ತಣ್ಣಗಾಗಿ ಜಪಾನಿನ ಬತ್ತದ ಬೆಳೆ ಸಾಮಾನ್ಯ ವರ್ಷದ ಶೇಕಡ 74ಕ್ಕೆ ಕುಸಿಯಿತು. ಥಾಯ್ಲೆಂಡ್ ಮೊದಲಾದ ದೇಶಗಳಿಂದ ಅಕ್ಕಿಯನ್ನು ತರಿಸಬೇಕಾಯಿತು. ಥಾಯ್ ಅಕ್ಕಿಯನ್ನು ತಮ್ಮ ಅಕ್ಕಿಯಂತೆಯೇ ಬೇಯಿಸಿದ ಗೃಹಿಣಿಯರು ಅದನ್ನು ‘ಪಸಪಸ’ ಎಂದು ದೂರಿದರು. ಉದ್ದಕಾಳಿನ ಆ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟಾಂಶ ಹೆಚ್ಚು. ಆದ್ದರಿಂದ ಅಗುಳುಗಳು ಒಂದಕ್ಕೊಂದು ಅಂಟುವುದಿಲ್ಲ. ಉದುರುದುರಾದ ಅನ್ನವನ್ನು ಮದುವೆಯ ಪಂಕ್ತಿಯಲ್ಲಿ ಹೊಗಳುವ ನಮಗೆ ಅದು ದೋಷವೆಂದೇ ತೋರದು. ಜಪಾನೀಯರೂ ಹುರಿದ ಅನ್ನದಲ್ಲಿ ಅದೇ ಗುಣವನ್ನು ‘ಪರಪರ’ ಎಂದು ಮೆಚ್ಚುತ್ತಾರೆಂಬುದು ಸ್ವಾರಸ್ಯ.

ನನ್ನ ಪ್ರಾಯದವರಿಗೆ ಇದು ಬರಿಯ ಭಾಷಾಕುತೂಹಲವಲ್ಲ. ಎರಡು ವರ್ಷಗಳ ಹಿಂದೆ ನನ್ನ ಪತ್ನಿಗೆ ಪಾರ್ಶ್ವವಾಯು ಬಡಿದು ನುಂಗುವುದು ಕಷ್ಟವಾಯಿತು. ತೆಳುವಾದ ನೀರು ಶ್ವಾಸನಾಳಕ್ಕೆ ಇಳಿದೀತು, ಆದುದರಿಂದ ಎಲ್ಲವನ್ನೂ ಮಂದಗೊಳಿಸಿ ಕೊಡಬೇಕೆಂದು ವೈದ್ಯರು ಅಪ್ಪಣೆ ಮಾಡಿದರು. ‘ಮಂದ’ ಎಂದರೆ ಎಷ್ಟು? ಗಂಜಿಯ ತಿಳಿಯಷ್ಟೇ, ರಾಗಿ ಮಣ್ಣಿಯಷ್ಟೇ? ನಾನು ಒಂದು ತಿಳಿದೆ, ಸೊಸೆ ಮತ್ತೊಂದು ತಿಳಿದಳು; ಮಲಯಾಳ ಮಾತನಾಡುವ ದಾದಿ ಮೂರನೆಯದನ್ನು ಹೇಳಿದರು. ಜಪಾನಿನಲ್ಲಿ ಹೀಗೆ ಮಂದಗೊಳಿಸಿದ ಗುಣಕ್ಕೆ ‘ತೊರೊಮಿ’ ಎಂದು ಹೆಸರು. ‘ತೊರೊತೊರೊ’ದ ಬಳಗದ್ದೇ ಅದು. ನುಂಗುವಿಕೆಯ ಚಿಕಿತ್ಸೆಗೆ ಸಂಬಂಧಿಸಿದ ಅಲ್ಲಿಯ ವೈದ್ಯಕೀಯ ಸಂಘವು 2013ರಲ್ಲಿ ಅದಕ್ಕೆ ತೆಳು, ಮಧ್ಯಮ, ದಟ್ಟ ಎಂಬ ಮೂರು ಮಟ್ಟಗಳನ್ನು ಗೊತ್ತುಪಡಿಸಿತು. ಚಮಚವನ್ನು ವಾಲಿಸಿದಾಗ ‘ಸುತ್ತೊ’ ಎಂದು, ಅಂದರೆ ಸರ್ರನೆ, ಜಾರಿದರೆ ತೆಳು. ‘ತೊರೊತೊರೊ’ ಎಂದು ಮೆಲ್ಲಗೆ ಹರಿದರೆ ಮಧ್ಯಮ. ಆಕಾರ ಉಳಿಸಿಕೊಂಡು ಸುಲಭವಾಗಿ ಹರಿಯದಿದ್ದರೆ ದಟ್ಟ. ವೈದ್ಯಶಾಸ್ತ್ರದ ಪ್ರಮಾಣಪಟ್ಟಿಯಲ್ಲಿ ಅನುಕರಣಾವ್ಯಯಗಳು! ನಾನು ಇದನ್ನು ಸೊಸೆಗೆ ವಿವರಿಸಿದೆ. ನಮ್ಮ ವೈದ್ಯರನ್ನು ಮತ್ತೆ ಕಂಡು, ಅವರ ಎದುರಿನಲ್ಲಿಯೇ ಚಮಚ ವಾಲಿಸಿ ತೋರಿಸಿ, ಬೇಕಾದ ಹದವನ್ನು ಖಚಿತಪಡಿಸಿಕೊಂಡೆವು. ಈಗ ಪ್ರತಿದಿನವೂ ಅವಳು ಹಾಗೆಯೇ ಪರೀಕ್ಷಿಸಿದ ಮೇಲೆ ಬಟ್ಟಲನ್ನು ಅತ್ತೆಯ ಮುಂದಿಡುತ್ತಾಳೆ.