ನಾಲ್ಕನೆಯ ಕೈ ಬೇಕಾಗಿದೆ

ಪ್ರಶ್ನೆ: ಮೇಡಂ, ಬ್ಯಾಂಕ್ ಕೆಲಸದಿಂದ ಕಳೆದ ವರ್ಷ ರಿಟೈರ್ ಆದೆ. ಪೆನ್ಷನ್ ಬರುತ್ತೆ, ಸ್ವಂತ ಮನೆ ಇದೆ, ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಕೊರತೆ ಏನೂ ಇಲ್ಲ, ಆದರೆ ದಿನ ಕಳೆಯೋದೇ ಕಷ್ಟವಾಗಿದೆ. ಹೊಸತರಲ್ಲಿ ಕೀಬೋರ್ಡ್ ತಂದೆ, ಯೂಟ್ಯೂಬ್ ನೋಡಿ ಯೋಗ ಶುರು ಮಾಡಿದೆ, ಡೈರಿ ಬರೆದೆ. ಒಂದೂ ತಿಂಗಳು ದಾಟಲಿಲ್ಲ. ಈಗ ಪೇಪರ್ ಮುಗಿದರೆ ಮೊಬೈಲ್, ಮಧ್ಯಾಹ್ನ ನಿದ್ದೆ, ಸಂಜೆ ಟೀವಿ. ಮಲಗುವಾಗ 'ಇವತ್ತೂ ದಂಡವಾಯ್ತು' ಅಂತ ಸಂಕಟ. ನಮ್ಮ ಮನೆಯವರಿಗೆ ಅಡುಗೆ, ಪೂಜೆ ಅಂತ ಹೊತ್ತು ಹೋಗಿಬಿಡುತ್ತೆ, ಅವರಿಗೆ ಈ ತೊಂದರೆ ಇಲ್ಲ. ಬಿಡುವನ್ನು ಚೆನ್ನಾಗಿ ಬಳಸಿಕೊಳ್ಳೋದು ಹೇಗೆ?
– ಹೆಸರು ಬೇಡ, ಹನುಮಂತನಗರ

ಉತ್ತರ: ಸಾರ್, ಬ್ಯಾಂಕು ಬಿಟ್ಟರೂ ನೀವು ಟಾರ್ಗೆಟ್ ಬಿಟ್ಟಿಲ್ಲ. ಕೀಬೋರ್ಡ್, ಯೋಗ, ಡೈರಿ ಮೂರೂ ನಿಮ್ಮನ್ನು ನೀವೇ ತಿದ್ದಿಕೊಳ್ಳುವ ಕೆಲಸಗಳು. ತಿಂಗಳಾಗುವ ಮುಂಚೆಯೇ ಲೆಕ್ಕ ಹಾಕಿ, ಗುರಿ ಮುಟ್ಟಲಿಲ್ಲವೆಂದು ಕೈಬಿಟ್ಟಿದ್ದೀರಿ. ಮೂರನ್ನೂ ಒಬ್ಬರೇ ಮಾಡುತ್ತಿದ್ದಿರಿ ಬೇರೆ. ಹಾಗಾಗಿ ನಿಲ್ಲಿಸಿದಾಗ 'ಯಾಕ್ರೀ ನಿನ್ನೆ ಕಾಣಲಿಲ್ಲ' ಎಂದು ಕೇಳಿದವರೂ ಇಲ್ಲ.

ನಿಮ್ಮ ಪಕ್ಕದ ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಇದ್ದರು. 1914ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಸೇರಿ, ದೊಡ್ಡ ಹುದ್ದೆ ಕಿರಿಯರ ಪಾಲಾದಾಗ 1943ರಲ್ಲಿ ರಾಜೀನಾಮೆ ಕೊಟ್ಟರು. ತೀರಿಕೊಂಡದ್ದು 1986ರಲ್ಲಿ. ನೌಕರಿ 29 ವರ್ಷ, ಅದರಾಚೆಯ ಬದುಕು 43 ವರ್ಷ! ಆಮೇಲೆ 'ಜೀವನ' ಪತ್ರಿಕೆ ನಡೆಸಿದ್ದು, ಜ್ಞಾನಪೀಠ ತಂದುಕೊಟ್ಟ 'ಚಿಕವೀರ ರಾಜೇಂದ್ರ' ಬರೆದದ್ದು ನಿಮಗೆ ಗೊತ್ತೇ ಇರುತ್ತದೆ. ನೀವೂ ಕಾದಂಬರಿ ಬರೆಯಿರಿ ಎನ್ನಲಾರೆ, ರಿಟೈರ್ ಆದವರಿಗೆ ಅಂಥ ಉಪದೇಶ ಮಾಡುವವರು ಸಾಕಷ್ಟಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅವರ ಇಸ್ಪೀಟು. ಇಳಿವಯಸ್ಸಿನಲ್ಲೂ ಕೋಟು ತೊಟ್ಟು, ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದುಕೊಂಡೇ ಹೋಗಿ ಆಡುತ್ತಿದ್ದರು. ಇಸ್ಪೀಟಿಗೆ ಜೊತೆ ಬೇಕು. ಮೂವರು ಬಂದು ಕೂತಿದ್ದಾರೆ, ನಾಲ್ಕನೆಯವರು ಬರಲಿಲ್ಲವೆಂದರೆ ಆಟ ಕೆಟ್ಟಿತು. ಮನಸ್ಸಿರಲಿ ಇಲ್ಲದಿರಲಿ, ಆ ಹೊತ್ತಿಗೆ ಚಪ್ಪಲಿ ಮೆಟ್ಟಬೇಕು. ಗೆದ್ದವರೂ ಅದರಿಂದ ಉದ್ಧಾರವಾಗುವುದಿಲ್ಲ, ಸೋತವರು ನಾಳೆಯೂ ಬರುತ್ತಾರೆ. ನಿಮಗೆ ಬೇಕಾದದ್ದು ಇಂಥದೊಂದು.

ಇಸ್ಪೀಟೇ ಆಗಬೇಕೆಂದಿಲ್ಲ. ರಾಮಾಂಜನೇಯ ಗುಡ್ಡದ ಹತ್ತಿರವೇ ಕೆ.ಎಚ್. ಕಲಾಸೌಧ ಇದೆ, ನಾಟಕಗಳಾಗುತ್ತವೆ. ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನರಸಿಂಹರಾಜ ಕಾಲೋನಿಯಲ್ಲಿದೆ. ಅದೇ ಕಾಲೋನಿಯ ಬಿ.ಎಂ.ಶ್ರೀ. ಪ್ರತಿಷ್ಠಾನ ಹಸ್ತಪ್ರತಿ, ಶಾಸನ ಓದಲು ಕಲಿಸುವುದಕ್ಕೆ ಹೆಸರಾದದ್ದು. ತರಗತಿ ಯಾವಾಗ ಎಂದು ಹೋಗಿ ವಿಚಾರಿಸಿ. ಎಲ್ಲ ಕಡೆಗೂ ಒಟ್ಟಿಗೆ ಹೆಸರು ಕೊಟ್ಟುಬಿಡಬೇಡಿ, ನಿಮ್ಮ ಸ್ವಭಾವ ನೋಡಿ ಹೇಳುತ್ತಿದ್ದೇನೆ. ಒಂದೇ ಜಾಗ, ವಾರದಲ್ಲಿ ಒಂದೇ ಗೊತ್ತಾದ ದಿನ. ಹಿಂದಿನ ಸಾಲಿನಲ್ಲಿ ಕೂತು ಎದ್ದು ಬಂದರೂ ಸಾಲದು, ಏನಾದರೂ ಕೆಲಸ ಕೇಳಿ ಪಡೆಯಿರಿ. 'ನಿಮ್ಮ ಲೆಕ್ಕಪತ್ರ ನಾನು ನೋಡ್ತೀನಿ' ಎಂದು ಬ್ಯಾಂಕಿನವರೊಬ್ಬರು ತಾವಾಗಿ ಬಂದರೆ ಬೇಡವೆನ್ನುವ ಹವ್ಯಾಸಿ ನಾಟಕ ತಂಡ ಬೆಂಗಳೂರಿನಲ್ಲಿ ಇದ್ದೀತೆಂದು ನನಗನ್ನಿಸುವುದಿಲ್ಲ.

ಮಧ್ಯಾಹ್ನದ ನಿದ್ದೆಗೆ ಸಂಕಟ ಬೇಡ. ಅರ್ಧ ಗಂಟೆ ಮಲಗಿ, ಏಳಿ.

ಇನ್ನು ಮನೆಯವರ ವಿಷಯ. ನಿಮ್ಮ ಪತ್ರದಲ್ಲಿ ಅವರಿಗೆ ಒಂದೇ ಸಾಲು, ನಾನು ಅದನ್ನೇ ಮತ್ತೆ ಮತ್ತೆ ಓದಿದೆ. ಹೊತ್ತು ಹೋಗುತ್ತದೆ ನಿಜ, ಅದು ಅವರ ಕೈಯಲ್ಲಿ ಎಲ್ಲಿದೆ? ಹಿಂದೆ ನಿಮಗೆ ಡಬ್ಬಿ ಕಟ್ಟಿ ಕಳಿಸಿದರೆ ಸಂಜೆಯವರೆಗೆ ಮನೆ ಅವರದಾಗಿತ್ತು. ಈಗ ಹನ್ನೊಂದಕ್ಕೆ ಕಾಫಿ, ಒಂದಕ್ಕೆ ಬಿಸಿ ಊಟ, ನಾಲ್ಕಕ್ಕೆ ಮತ್ತೆ ಕಾಫಿ, ಜೊತೆಗೆ 'ತಿನ್ನೋಕೆ ಏನಾದ್ರೂ ಇದೆಯಾ?' ನೀವು ರಿಟೈರ್ ಆದ ದಿನ ಅವರ ಡ್ಯೂಟಿ ಹೆಚ್ಚಾಗಿದೆ. ಇದು ನನ್ನ ಊಹೆಯಾದರೆ ಕ್ಷಮಿಸಿ. ಆದರೆ ನನಗೆ ಬರೆಯುವ ಹೆಂಗಸರ ಪತ್ರಗಳು ಹೇಳುವುದು ಇದನ್ನೇ.

ನಾಳೆಯಿಂದ ಬೆಳಗಿನ ತಿಂಡಿ ನಿಮ್ಮದು. ತರಕಾರಿ ಹೆಚ್ಚಿಕೊಟ್ಟು ಎದ್ದು ಬರುವುದಲ್ಲ, ಪೂರ್ತಿ ನಿಮ್ಮದು. ಉಪ್ಪಿಟ್ಟಿನಿಂದ ಶುರು ಮಾಡಿ. ರವೆ ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಲೇ ಇರಬೇಕು, ಆ ಹೊತ್ತಿನಲ್ಲಿ ಮೊಬೈಲ್ ಹಿಡಿದರೆ ತಳ ಸೀಯುತ್ತದೆ. ನೀರು ಕುದಿಯುವ ಮುಂಚೆ ರವೆ ಸುರಿದರೆ ಗಂಟಾಗುತ್ತದೆ. ಆಗಲಿ, ಗಂಟನ್ನೇ ತಿನ್ನಿ. ಬಾಣಲೆ ತೊಳೆದು ಒಲೆಕಟ್ಟೆ ಒರೆಸುವವರೆಗೂ ಕೆಲಸ ಮುಗಿದಿಲ್ಲ. 'ಸಾಸಿವೆ ಎಲ್ಲಿದೆ' ಎಂದು ಮೊದಲ ವಾರ ಕೇಳಬಹುದು, ಎರಡನೆಯ ವಾರ ಹುಡುಕಿಕೊಳ್ಳಿ. ಅವರಿಗೆ ಉಳಿದ ಹೊತ್ತಿನಲ್ಲಿ ಅವರೇನು ಮಾಡಬೇಕೆಂದು ಮಾತ್ರ ಹೇಳಹೋಗಬೇಡಿ. ಸುಮ್ಮನೆ ಕೂತರೆ ಕೂರಲಿ.

ಸಂಕಟ ಎಂದು ಬರೆದಿದ್ದೀರಿ, ಅದು ರಾತ್ರಿಗಷ್ಟೇ ನಿಲ್ಲುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಬೆಳಗಿನ ಜಾವವೇ ಎಚ್ಚರವಾಗುವುದು, ಊಟ ಸೇರದಿರುವುದು, ಯಾರೊಂದಿಗೂ ಮಾತು ಬೇಡವೆನ್ನಿಸುವುದು ಎರಡು ವಾರ ಮುಂದುವರಿದರೆ ಅದಕ್ಕೆ ಹವ್ಯಾಸ ಮದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅಲ್ಲಿಗೆ ಫೋನ್ ಮಾಡಿ, ಕಲಾಸೌಧಕ್ಕೆ ಆಮೇಲೆ ಹೋದರಾಯಿತು.