ಗೇಟು ಎತ್ತಿದ್ದೆಷ್ಟು, ನೀರು ಹರಿದದ್ದೆಷ್ಟು? – ಯುದ್ಧವಿಮಾನದ ಇಂಧನ ನಿಯಂತ್ರಣ ಕುರಿತು ಒಂದು ಪಾಠ

ತರಗತಿ: 9 | ವಿಷಯ: ವಿಜ್ಞಾನ | ಘಟಕ: ಬಲ ಮತ್ತು ಚಲನೆಯ ನಿಯಮಗಳು (ಪೂರಕ ಪಾಠ) | ಅವಧಿ: 40 ನಿಮಿಷ

ನ್ಯೂಟನ್ನನ ಮೂರನೇ ನಿಯಮಕ್ಕೆ ಜೆಟ್ ವಿಮಾನದ ಉದಾಹರಣೆ ಕೊಟ್ಟು ನಾವು ಮುಂದೆ ಹೋಗಿಬಿಡುತ್ತೇವೆ. ವೇಗ ಹೆಚ್ಚಿಸುವುದು ಹೇಗೆ ಎಂದು ಕೇಳಿದರೆ ಮಕ್ಕಳಿಂದ ಬರುವ ಉತ್ತರ ಒಂದೇ: "ಎಣ್ಣಿ ಜಾಸ್ತಿ ಬಿಡಬೇಕ್ರಿ." ಇದು ಅರ್ಧ ಸರಿ. ಉಳಿದ ಅರ್ಧಕ್ಕಾಗಿ ಈ ಪಾಠ.

ಹಮ್ಮಿಗಿಯಲ್ಲಿ ಪೀಠಿಕೆಗೆ ಚಾರ್ಟು ಬೇಡ. ಶಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ತುಂಗಭದ್ರೆಗೆ ಕಟ್ಟಿದ ಬ್ಯಾರೇಜ್ ಊರಲ್ಲೇ ಇದೆ. ಪ್ರಶ್ನೆ ಹೀಗಿರಲಿ: "ಬೇಸಿಗೆಯಲ್ಲಿ ಒಂದು ಗೇಟನ್ನು ಒಂದು ಅಡಿ ಎತ್ತಿದರು, ತುಂಬಿದ ಹೊಳೆಯಲ್ಲೂ ಒಂದೇ ಅಡಿ ಎತ್ತಿದರು. ಹೊರಬರುವ ನೀರು ಸಮವೇ?" ಅಲ್ಲ ಎಂದು ಮಕ್ಕಳೇ ಹೇಳುತ್ತಾರೆ. ಹರಿವು ಕಿಂಡಿಯ ಅಳತೆಯನ್ನಷ್ಟೇ ಅಲ್ಲ, ಹಿಂದೆ ನಿಂತ ನೀರಿನ ಒತ್ತಡವನ್ನೂ ಅವಲಂಬಿಸುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಪಾಠವೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಪ್ರಯೋಗ. ಎರಡು ಲೀಟರಿನ ಬಾಟಲಿಯ ಬುಡದ ಬಳಿ ಒಂದು ಸಣ್ಣ ರಂಧ್ರ ಮಾಡಿ ನೀರು ತುಂಬಿ. ರಂಧ್ರದ ಮೇಲೆ 20 ಸೆಂ.ಮೀ. ನೀರಿದ್ದಾಗ ಧಾರೆ ದೂರ ಚಿಮ್ಮುತ್ತದೆ, 5 ಸೆಂ.ಮೀ.ಗೆ ಇಳಿದಾಗ ಟೊರಿಸೆಲ್ಲಿಯ ನಿಯಮದಂತೆ ಅದರ ವೇಗ ಅರ್ಧಕ್ಕೆ ಇಳಿದಿರುತ್ತದೆ. ಇನ್ನೊಂದು ಬಾಟಲಿಯಲ್ಲಿ ಮೇಲ್ಭಾಗಕ್ಕೂ ಒಂದು ದೊಡ್ಡ ರಂಧ್ರವಿರಲಿ. ಒಬ್ಬ ವಿದ್ಯಾರ್ಥಿ ಸತತವಾಗಿ ನೀರು ಸುರಿಯಲಿ, ಹೆಚ್ಚಾದದ್ದು ಮೇಲಿನ ರಂಧ್ರದಿಂದ ಬಕೆಟ್ಟಿಗೆ ಬೀಳಲಿ. ಮಟ್ಟ ಕದಲುವುದಿಲ್ಲ, ಕೆಳಗಿನ ಧಾರೆಯೂ ಕದಲುವುದಿಲ್ಲ. ಈಗ ಹರಿವನ್ನು ನಿರ್ಧರಿಸುವುದು ಕಿಂಡಿಯ ಅಳತೆ ಮಾತ್ರ. ಇದಕ್ಕೆ ಹತ್ತು ನಿಮಿಷ ಧಾರಾಳವಾಗಿ ಕೊಡಿ. ನೆಲ ಒದ್ದೆಯಾಗುತ್ತದೆ, ಆಗಲಿ.

ಜೆಟ್ ಎಂಜಿನ್ನಿನ ಇಂಧನ ನಿಯಂತ್ರಕದಲ್ಲಿರುವುದು ಬಹುಮಟ್ಟಿಗೆ ಈ ಎರಡನೇ ಬಾಟಲಿಯೇ. ಪಂಪು ಬೇಕಾದುದಕ್ಕಿಂತ ಹೆಚ್ಚು ಇಂಧನ ತಳ್ಳುತ್ತದೆ. ಒಂದು ಕವಾಟ ಹೆಚ್ಚಾದದ್ದನ್ನು ಪಂಪಿನ ಬಾಯಿಗೇ ಹಿಂದಿರುಗಿಸಿ, ಅಳತೆ ಕಿಂಡಿಯ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ಸ್ಥಿರವಾಗಿಡುತ್ತದೆ. ಆ ಕಿಂಡಿ ಎಷ್ಟು ತೆರೆದರೆ ಅಷ್ಟೇ ಇಂಧನ.

ಕಿಂಡಿ ತೆರೆಯುವವರು ಯಾರು? ಪೈಲಟ್ ಅಲ್ಲ. ಅವನ ಥ್ರಾಟಲ್ ಒಂದು ಬೇಡಿಕೆ, ಅಷ್ಟೆ. ಅವನು ಅದನ್ನು ಒಮ್ಮೆಲೇ ಮುಂದೆ ತಳ್ಳಿದಾಗ ಇಂಧನವೂ ಒಮ್ಮೆಲೇ ಸುರಿದರೆ ದಹನಕೋಣೆಯ ಒತ್ತಡ ಏರುತ್ತದೆ; ಕಂಪ್ರೆಸರ್ ಇನ್ನೂ ವೇಗ ಪಡೆದಿರುವುದಿಲ್ಲ; ಗಾಳಿ ಹಿಮ್ಮುಖವಾಗಿ ನುಗ್ಗುತ್ತದೆ. ಇದನ್ನು 'ಸರ್ಜ್' ಎನ್ನುತ್ತಾರೆ. ಥಟ್ಟನೆ ಇಂಧನ ಕಡಿದರೆ ಜ್ವಾಲೆಯೇ ನಂದಬಹುದು. ಮೇಲಿನ ಗಡಿ ದಾಟಿದರೆ ಟರ್ಬೈನಿನ ಅಲಗುಗಳು ಕರಗುವ ಭಯ. ಆದ್ದರಿಂದ ನಿಯಂತ್ರಕವು ತಿರುಗುವ ವೇಗ, ಒತ್ತಡ, ತಾಪಗಳನ್ನು ಸತತವಾಗಿ ನೋಡಿ, ಎಂಜಿನ್ ತಾಳಬಲ್ಲಷ್ಟೇ ಇಂಧನ ಕೊಡುತ್ತದೆ. ಗಾಳಿ ವಿರಳವಾದ ಎತ್ತರದಲ್ಲಿ ಅದೇ ಥ್ರಾಟಲಿಗೆ ಕಡಿಮೆ ಇಂಧನ. ಹಿಂದೆ ಈ ಲೆಕ್ಕವನ್ನು ಕ್ಯಾಮು, ಸ್ಪ್ರಿಂಗುಗಳು ಮಾಡುತ್ತಿದ್ದವು, ಈಗ ಕಂಪ್ಯೂಟರ್.

ಆಫ್ಟರ್‌ಬರ್ನರ್ ಬಂದಾಗ ತರಗತಿ ಕಣ್ಣರಳಿಸುತ್ತದೆ. ಒಂದು ಕಿಲೋ ಇಂಧನ ಪೂರ್ಣ ಉರಿಯಲು ಸುಮಾರು 15 ಕಿಲೋ ಗಾಳಿ ಸಾಕು. ಅಲಗುಗಳನ್ನು ಕಾಪಾಡಲು ಎಂಜಿನ್ ಅದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಗಾಳಿ ಬಳಸುವುದರಿಂದ ಟರ್ಬೈನ್ ದಾಟಿದ ಅನಿಲದಲ್ಲಿ ಆಮ್ಲಜನಕ ಉಳಿದಿರುತ್ತದೆ. ಅಲ್ಲಿ ಮತ್ತೆ ಇಂಧನ ಸಿಂಪಡಿಸಿ ಉರಿಸುವುದೇ ಆಫ್ಟರ್‌ಬರ್ನರ್. ವೇಗದ ಗಾಳಿಯಲ್ಲಿ ಜ್ವಾಲೆ ನಿಲ್ಲಲು 'ವಿ' ಆಕಾರದ ತಡೆಗಳಿರುತ್ತವೆ. ಬಿಸಿ ಅನಿಲ ಹಿಗ್ಗುವುದರಿಂದ ಹಿಂದಿನ ನಾಸಿಕವೂ ಅಗಲವಾಗಬೇಕು, ಇಲ್ಲವಾದರೆ ಒತ್ತಡ ಹಿಂದಕ್ಕೆ ತಿರುಗಿ ಎಂಜಿನ್ನನ್ನೇ ಉಸಿರುಗಟ್ಟಿಸುತ್ತದೆ. ಇಂಧನ ಮತ್ತು ನಾಸಿಕ ಜೊತೆಜೊತೆಯಾಗಿ ನಡೆಯಬೇಕಾದ್ದರಿಂದ ಇಂಧನವನ್ನು ಹಂತಹಂತವಾಗಿ ಹೊತ್ತಿಸುತ್ತಾರೆ. ಎತ್ತಿಗೆ ಎತ್ತು ಸರಿಯಾಗದಿದ್ದರೆ ಗಾಡಿ ವಾರೆಯಾಗುತ್ತದಲ್ಲ, ಹಾಗೆ.

ನಮ್ಮ ಉದಾಹರಣೆ ಬೆಂಗಳೂರಿನದು. ಅಲ್ಲಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ತೇಜಸ್ ವಿಮಾನಕ್ಕೆಂದು ರೂಪಿಸಿದ 'ಕಾವೇರಿ' ಎಂಜಿನ್ನಿನ ಗುರಿ ಆಫ್ಟರ್‌ಬರ್ನರ್ ಇಲ್ಲದೆ 52, ಇದ್ದಾಗ 81 ಕಿಲೋನ್ಯೂಟನ್ ನೂಕುಬಲ. ಭಾಗಾಕಾರ ಮಕ್ಕಳೇ ಮಾಡಲಿ: ಸುಮಾರು ಒಂದೂವರೆ ಪಟ್ಟು. ಆದರೆ ಇಂಥ ಎಂಜಿನ್ನುಗಳಲ್ಲಿ ಇಂಧನದ ಖರ್ಚು ಮೂರು ಪಟ್ಟಿಗೂ ಮೀರುತ್ತದೆ. ಕಾವೇರಿಗೆ ಅದರದೇ ಡಿಜಿಟಲ್ ನಿಯಂತ್ರಕವನ್ನೂ ಇಲ್ಲಿಯೇ ರೂಪಿಸಲಾಯಿತು. 2010ರಲ್ಲಿ ರಷ್ಯಾದಲ್ಲಿ ಇಲ್ಯೂಷಿನ್-76 ವಿಮಾನಕ್ಕೆ ಅಳವಡಿಸಿ ಹಾರಿಸಿ ಪರೀಕ್ಷಿಸಿದರು. ಆದರೂ ತೇಜಸ್ ಇಂದು ಹಾರುತ್ತಿರುವುದು ಅಮೆರಿಕದ ಎಫ್-404 ಎಂಜಿನ್ನಿನಿಂದ. ಈ ಸಂಗತಿಯನ್ನು ಮರೆಮಾಚದೆ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಮುಂದೆ ಆ ಕೆಲಸ ಮಾಡಬಹುದಾದವರು ಹಿಂದಿನ ಬೆಂಚಿನಲ್ಲೂ ಕುಳಿತಿರುತ್ತಾರೆ.

ಮೌಲ್ಯಮಾಪನ: ಎರಡನೇ ಬಾಟಲಿಯ ಮೇಲಿನ ರಂಧ್ರ ಎಂಜಿನ್ನಿನ ಯಾವ ಭಾಗಕ್ಕೆ ಸಮ? ಎತ್ತರಕ್ಕೆ ಹೋದಂತೆ ಇಂಧನ ಕಡಿಮೆ ಮಾಡುವುದೇಕೆ?

ಗೃಹಕಾರ್ಯ: ಆಫ್ಟರ್‌ಬರ್ನರ್ ಹೊತ್ತುವ ಮೊದಲೇ ನಾಸಿಕ ಪೂರ್ತಿ ತೆರೆದುಕೊಂಡರೆ ನೂಕುಬಲ ಹೆಚ್ಚುವುದೋ, ಕುಗ್ಗುವುದೋ? ಕಾರಣ ಸಹಿತ ಬರೆದು ತನ್ನಿರಿ.