ಲಿವರ್‌ನಲ್ಲಿ ಗಂಟು: ಎಲ್ಲವೂ ಕ್ಯಾನ್ಸರ್ ಅಲ್ಲ

ಸ್ಕ್ಯಾನಿಂಗ್ ವರದಿಯಲ್ಲಿ ‘ಲಿವರ್‌ನಲ್ಲಿ ಗಂಟು’ ಎಂದು ಓದಿದೊಡನೆ ರೋಗಿಗೂ ಮನೆಯವರಿಗೂ ಕೈಕಾಲು ಆಡದಂತಾಗುತ್ತದೆ. ಆದರೆ ಗಂಟು ಎಂಬುದು ಕಾಯಿಲೆಯ ಹೆಸರಲ್ಲ. ಅದಕ್ಕೆ ಕಾರಣಗಳು ಹಲವು.

೧. ಸಾಮಾನ್ಯವಾಗಿ ಅಪಾಯವಿಲ್ಲದವು: ರಕ್ತನಾಳಗಳು ಹೆಣೆದುಕೊಂಡು ಆಗುವ ಹೆಮಾಂಜಿಯೋಮ, ನೀರು ತುಂಬಿದ ಸಾದಾ ಗುಳ್ಳೆ. ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ.

೨. ಸೋಂಕಿನಿಂದ ಆಗುವವು: ಕೀವುಗಂಟು, ಕ್ಷಯದ ಗಂಟು, ನಾಯಿಯ ಮಲದಿಂದ ಹರಡುವ ಹುಳುವಿನ ಗುಳ್ಳೆ. ಕೀವುಗಂಟಿನಲ್ಲಿ ಸಾಮಾನ್ಯವಾಗಿ ಜ್ವರ, ಬಲಪಕ್ಕೆಯ ಕೆಳಗೆ ನೋವು ಇರುತ್ತದೆ. ಇವೆಲ್ಲಕ್ಕೂ ಚಿಕಿತ್ಸೆ ಇದೆ.

೩. ತಡಮಾಡಬಾರದವು: ಮದ್ಯಪಾನ, ಹೆಪಟೈಟಿಸ್ ಬಿ ಅಥವಾ ಸಿ ಕಾರಣದಿಂದ ಲಿವರ್ ಗಟ್ಟಿಯಾದಾಗ (ಸಿರೋಸಿಸ್) ಏಳುವ ಗಂಟು, ಲಿವರ್‌ನದೇ ಕ್ಯಾನ್ಸರ್, ಕರುಳು, ಸ್ತನ, ಶ್ವಾಸಕೋಶಗಳಿಂದ ಹರಡಿದ ಕ್ಯಾನ್ಸರ್.

ಯಾವ ಗಂಟೆಂದು ತಿಳಿಯಲು ರಕ್ತಪರೀಕ್ಷೆ, ಔಷಧಿ ಚುಚ್ಚಿ ಮಾಡುವ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗಬಹುದು. ಕೆಲವರಿಗೆ ಮಾತ್ರ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುತ್ತಾರೆ.

ನೀವು ಮಾಡಬೇಕಾದದ್ದು:
• ಹಳೆಯ ಸ್ಕ್ಯಾನಿಂಗ್ ಚಿತ್ರಗಳನ್ನು ತಪ್ಪದೆ ತನ್ನಿ. ಗಂಟು ಬೆಳೆದಿದೆಯೇ ಎಂದು ಅವುಗಳಿಂದ ಗೊತ್ತಾಗುತ್ತದೆ.
• ಮೂತ್ರಪಿಂಡದ ತೊಂದರೆ, ಅಲರ್ಜಿ ಇದ್ದರೆ ಸಿ.ಟಿ.ಗೆ ಮೊದಲೇ ಹೇಳಿ.
• ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಡಬೇಡಿ. ನಾವು ಬೈಯುವುದಕ್ಕಲ್ಲ, ಚಿಕಿತ್ಸೆಗಾಗಿ ಕೇಳುತ್ತೇವೆ.
• ಸಿರೋಸಿಸ್ ಇದ್ದವರು 6 ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿ. ಹೆಪಟೈಟಿಸ್ ಬಿ ಇದ್ದರೆ ಮನೆಯವರೂ ಪರೀಕ್ಷೆ ಮಾಡಿಸಿ, ಲಸಿಕೆ ಪಡೆಯಿರಿ.
• ಕಾಮಾಲೆ, ಹೊಟ್ಟೆ ಊತ, ರಕ್ತವಾಂತಿ, ಕಪ್ಪು ಮಲ ಕಂಡರೆ ಕೂಡಲೇ ಬನ್ನಿ.

ನಾಟಿ ಔಷಧಿಯಲ್ಲಿ ತಿಂಗಳುಗಟ್ಟಲೆ ಕಳೆದರೆ, ಗುಣಪಡಿಸಬಹುದಾದ ಗಂಟೂ ಕೈಮೀರಬಹುದು. ಅಂಜಿ ಮನೆಗೆ ಮರಳಬೇಡಿ. ವರದಿ ಹಿಡಿದು ವೈದ್ಯರನ್ನು ಕಾಣಿ, ಸಂಶಯವಿದ್ದರೆ ನಮ್ಮನ್ನು ಕೇಳಿ.